ಒಂದೇ ತಂಡ, ಮತ್ತೆ ಮತ್ತೆ ಅಳಿಯುವ ಲೋಕ: ಜಸ್ಟಿಸ್ ಲೀಗ್ ಅನಿಮೇಷನ್ ಚಿತ್ರಗಳ ಗೋಜಲು ಹುಟ್ಟಿದ್ದು ಹೇಗೆ?

'ಜಸ್ಟಿಸ್ ಲೀಗ್: ಕ್ರೈಸಿಸ್ ಆನ್ ಇನ್ಫೈನೈಟ್ ಅರ್ತ್ಸ್' ಚಿತ್ರದ ಮೂರನೆಯ ಹಾಗೂ ಕೊನೆಯ ಭಾಗ 2024ರ ಜುಲೈನಲ್ಲಿ ಬಿಡುಗಡೆಯಾಯಿತು. ಈ ಸರಣಿಯ ಪರಿಚಯವಿಲ್ಲದೆ ಅದನ್ನು ನೋಡಲು ಕೂತವರಿಗೆ ಬುಡವೂ ಸಿಗುವುದಿಲ್ಲ, ತುದಿಯೂ ಸಿಗುವುದಿಲ್ಲ. ಬ್ಯಾಟ್‌ಮನ್ ಒಬ್ಬನಲ್ಲ. ಜೆನ್ಸನ್ ಆಕಲ್ಸ್ ದನಿಯಲ್ಲಿ ಮಾತನಾಡುವವನೊಬ್ಬ, ಕೆವಿನ್ ಕಾನ್ರಾಯ್ ದನಿಯವನು ಇನ್ನೊಬ್ಬ. ಕಾನ್ರಾಯ್ 2022ರ ನವೆಂಬರ್‌ನಲ್ಲೇ ತೀರಿಕೊಂಡಿದ್ದರು; ಮೊದಲೇ ಧ್ವನಿಮುದ್ರಣ ಮಾಡಿಟ್ಟಿದ್ದ ಅವರ ಮಾತುಗಳು ಇಲ್ಲಿ ಕೊನೆಯ ಸಲ ಕೇಳಿಸಿದವು. ಆ ಎರಡನೆಯ ಬ್ಯಾಟ್‌ಮನ್ ಯಾರು, ಎಲ್ಲಿಂದ ಬಂದ ಎಂಬುದು ತಿಳಿಯಬೇಕಾದರೆ ಬಹಳ ಹಿಂದಕ್ಕೆ ಹೋಗಬೇಕು.

ಗೋಜಲಿನ ಬೇರು ಡಿಸಿ ಎಂಬ ಅಮೆರಿಕದ ಪ್ರಕಾಶನ ಸಂಸ್ಥೆಯ ಕಾಮಿಕ್ಸ್‌ನಲ್ಲಿದೆ. ಸೂಪರ್‌ಮ್ಯಾನ್, ಬ್ಯಾಟ್‌ಮನ್ ಮೊದಲಾದ ಸೂಪರ್‌ಹೀರೋಗಳು ಒಟ್ಟುಗೂಡಿದ ಜಸ್ಟಿಸ್ ಲೀಗ್ ತಂಡ ಮೊದಲು ಕಾಣಿಸಿಕೊಂಡದ್ದು 1960ರಲ್ಲಿ, ಗಾರ್ಡ್ನರ್ ಫಾಕ್ಸ್ ಬರೆದ ಕಥೆಯಲ್ಲಿ. ಮರುವರ್ಷವೇ ಅದೇ ಲೇಖಕರ ಇನ್ನೊಂದು ಕಥೆಯಲ್ಲಿ ಮಿಂಚಿನ ವೇಗದ ಫ್ಲ್ಯಾಶ್, ಅಂದರೆ ಬ್ಯಾರಿ ಅಲೆನ್, ಮತ್ತೊಂದು ಭೂಮಿಗೆ ದಾಟಿ ಅಲ್ಲಿದ್ದ ಹಳೆಯ ಫ್ಲ್ಯಾಶ್‌ನನ್ನು ಭೇಟಿಯಾದ. 1940ರ ದಶಕದ ನಾಯಕರನ್ನು ಕೈಬಿಡದೆ ಹೊಸಬರನ್ನೂ ಉಳಿಸಿಕೊಳ್ಳಲು ಇದು ಚೆನ್ನಾದ ದಾರಿಯಾಗಿತ್ತು. ಆದರೆ ಎರಡು ಭೂಮಿಗಳಿದ್ದದ್ದು ಮೂರಾಯಿತು, ಹತ್ತಾಯಿತು, ಲೆಕ್ಕ ತಪ್ಪಿತು. 1985–86ರಲ್ಲಿ ಮಾರ್ವ್ ವುಲ್ಫ್‌ಮನ್ ಮತ್ತು ಜಾರ್ಜ್ ಪೆರೆಜ್ 'ಕ್ರೈಸಿಸ್ ಆನ್ ಇನ್ಫೈನೈಟ್ ಅರ್ತ್ಸ್' ಎಂಬ 12 ಸಂಚಿಕೆಗಳ ಒಂದು ಪ್ರಳಯದಲ್ಲಿ ಅವೆಲ್ಲವನ್ನೂ ಕೂಡಿಸಿ ಒಂದೇ ಭೂಮಿ ಮಾಡಿದರು. ಸೂಪರ್‌ಗರ್ಲ್ ಸತ್ತಳು, ಬ್ಯಾರಿ ಓಡುತ್ತಲೇ ಜೀವ ಬಿಟ್ಟ. ಆ ಸಾವಿಗೆ ತೂಕವಿತ್ತು. ಬ್ಯಾರಿ ಕಾಮಿಕ್ಸ್‌ಗೆ ಪಾತ್ರವಾಗಿ ನಿಜವಾಗಿ ಮರಳಿ ಬರಲು 20 ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು.

ಟಿವಿ ಅನಿಮೇಷನ್‌ಗೆ ಈ ಲೆಕ್ಕಾಚಾರದ ಕಾಟವಿರಲಿಲ್ಲ. 1992ರಲ್ಲಿ ಬ್ರೂಸ್ ಟಿಮ್ ಮತ್ತು ಎರಿಕ್ ರಾಡೊಮ್‌ಸ್ಕಿ ರೂಪಿಸಿದ ಬ್ಯಾಟ್‌ಮನ್ ಸರಣಿಯಿಂದ ಶುರುವಾಗಿ, ಸೂಪರ್‌ಮ್ಯಾನ್ ಸರಣಿಯನ್ನು ಹಾದು, 2001ರ 'ಜಸ್ಟಿಸ್ ಲೀಗ್' ಮತ್ತು 2006ರಲ್ಲಿ ಮುಗಿದ 'ಜಸ್ಟಿಸ್ ಲೀಗ್ ಅನ್‌ಲಿಮಿಟೆಡ್'ವರೆಗೆ ಒಂದೇ ಕಥಾಲೋಕ ಸಾಗಿತು. ಧ್ವನಿ ನಿರ್ದೇಶಕಿ ಆಂಡ್ರಿಯಾ ರೊಮಾನೊ ಸಾಧ್ಯವಾದಾಗಲೆಲ್ಲ ನಟರನ್ನು ಒಂದೇ ಕೋಣೆಯಲ್ಲಿ ಕೂರಿಸಿ ಮುದ್ರಿಸುತ್ತಿದ್ದರು. ಒಬ್ಬರ ಮಾತಿಗೆ ಇನ್ನೊಬ್ಬರು ಉಸಿರೆಳೆದುಕೊಳ್ಳುವುದು ಆ ಕಂತುಗಳಲ್ಲಿ ಕೇಳಿಸುತ್ತದೆ. ಕಾನ್ರಾಯ್ ಬ್ಯಾಟ್‌ಮನ್ ಆದದ್ದು ಅಲ್ಲಿಯೇ.

2007ರಲ್ಲಿ ದಾರಿ ಕವಲೊಡೆಯಿತು. ಡಿವಿಡಿ ಮಾರುಕಟ್ಟೆ ಭರಾಟೆಯಲ್ಲಿದ್ದ ಕಾಲ ಅದು. ಚಿತ್ರಮಂದಿರಕ್ಕೆ ಹೋಗದೆ ನೇರವಾಗಿ ಅಂಗಡಿಗೆ ಬರುವ, ಒಂದೂಕಾಲು ಗಂಟೆಯ ಆಸುಪಾಸಿನ ಚಿತ್ರಗಳ ಸಾಲು 'ಸೂಪರ್‌ಮ್ಯಾನ್: ಡೂಮ್ಸ್‌ಡೇ'ಯಿಂದ ಆರಂಭವಾಯಿತು. ಹೆಚ್ಚಿನ ಚಿತ್ರಗಳಿಗೆ ಒಂದೊಂದು ಕಾಮಿಕ್ಸ್ ಕಥೆಯೇ ಆಧಾರ. ಒಂದಕ್ಕೂ ಇನ್ನೊಂದಕ್ಕೂ ಹೆಚ್ಚಿನ ನಂಟಿಲ್ಲ. ಡಾರ್ವಿನ್ ಕುಕ್ ಅವರ ಕೃತಿ ಆಧರಿಸಿದ 'ದ ನ್ಯೂ ಫ್ರಾಂಟಿಯರ್' (2008) 1950ರ ದಶಕದ ಅಮೆರಿಕಕ್ಕೆ ಹೋಯಿತು. ಡ್ವೇನ್ ಮೆಕ್‌ಡಫಿ ಬರೆದ 'ಕ್ರೈಸಿಸ್ ಆನ್ ಟು ಅರ್ತ್ಸ್' (2010) ಹಳೆಯ ಸರಣಿಗೆಂದು ಸಿದ್ಧವಾಗಿ ತೆರೆ ಕಾಣದೆ ಉಳಿದ ಚಿತ್ರಕಥೆಗೆ ಮರುಜೀವ ಕೊಟ್ಟಿತು. ಮೆಕ್‌ಡಫಿ 2011ರಲ್ಲಿ ಅಕಾಲದಲ್ಲಿ ತೀರಿಕೊಂಡರು. ಅವರ 'ಜಸ್ಟಿಸ್ ಲೀಗ್: ಡೂಮ್' ಮರುವರ್ಷ ಬಂತು. ಈ ಅವಧಿಯ ಚಿತ್ರಗಳನ್ನು ಯಾವ ಕ್ರಮದಲ್ಲಿ ನೋಡಿದರೂ ನಷ್ಟವಿಲ್ಲ. ಕಥೆ ಶುರುವಾಗುತ್ತದೆ, ಮುಗಿಯುತ್ತದೆ, ಮುಗಿದದ್ದು ಮುಗಿದೇ ಇರುತ್ತದೆ.

ಅಷ್ಟರಲ್ಲಿ ಕಾಮಿಕ್ಸ್ ಲೋಕದಲ್ಲಿ ಮತ್ತೊಂದು ಪ್ರಳಯ ಆಗಿಹೋಗಿತ್ತು. 2011ರ 'ಫ್ಲ್ಯಾಶ್‌ಪಾಯಿಂಟ್' ಕಥೆಯ ಬೆನ್ನಿಗೆ ಪ್ರಕಾಶಕರು 52 ಶೀರ್ಷಿಕೆಗಳನ್ನು ಒಂದನೆಯ ಸಂಚಿಕೆಯಿಂದ ಹೊಸದಾಗಿ ಆರಂಭಿಸಿದರು. ಅನಿಮೇಷನ್ ವಿಭಾಗವೂ ಅದೇ ಹಾದಿ ಹಿಡಿಯಿತು. 2013ರ 'ದ ಫ್ಲ್ಯಾಶ್‌ಪಾಯಿಂಟ್ ಪ್ಯಾರಡಾಕ್ಸ್' ಆ ಹೊಸ ಸರಪಳಿಯ ಮೊದಲ ಕೊಂಡಿ.

ನನ್ನ ದೃಷ್ಟಿಯಲ್ಲಿ ಇಡೀ ಸಾಲಿನಲ್ಲೇ ಅತ್ಯುತ್ತಮ ಚಿತ್ರ ಅದು. ಕೊಲೆಯಾದ ತಾಯಿಯನ್ನು ಉಳಿಸಲು ಬ್ಯಾರಿ ಕಾಲದಲ್ಲಿ ಹಿಂದಕ್ಕೆ ಓಡುತ್ತಾನೆ. ತಾಯಿ ಬದುಕುತ್ತಾಳೆ, ಲೋಕ ಕೆಡುತ್ತದೆ. ವಂಡರ್ ವುಮನ್ ಮತ್ತು ಅಕ್ವಾಮನ್ ನಡುವಿನ ಯುದ್ಧಕ್ಕೆ ಯುರೋಪ್ ಬಲಿಯಾಗಿರುತ್ತದೆ. ಸೂಪರ್‌ಮ್ಯಾನ್ ಸೂರ್ಯನನ್ನೇ ಕಾಣದೆ ನೆಲಮಾಳಿಗೆಯ ಸೆರೆಯಲ್ಲಿ ಎಲುಬಿನ ಹಂದರವಾಗಿರುತ್ತಾನೆ. ಬ್ಯಾಟ್‌ಮನ್ ಅಂದರೆ ಬ್ರೂಸ್ ವೇಯ್ನ್; ಅವನ ಹೆತ್ತವರು ಕೊಲೆಯಾಗಬೇಕಿದ್ದ ಗಾಥಮ್ ನಗರದ ಗಲ್ಲಿಯಲ್ಲಿ ಇಲ್ಲಿ ಸತ್ತದ್ದು ಬಾಲಕ ಬ್ರೂಸ್. ಬ್ಯಾಟ್‌ಮನ್ ಆದದ್ದು ಅಪ್ಪ ಥಾಮಸ್ ವೇಯ್ನ್. ಎಲ್ಲವನ್ನೂ ಮೊದಲಿನಂತೆ ಮಾಡಲು ಹೊರಟ ಬ್ಯಾರಿಯ ಕೈಗೆ ಥಾಮಸ್ ಮಗನಿಗಾಗಿ ಒಂದು ಪತ್ರ ಕೊಡುತ್ತಾನೆ. ಬ್ಯಾರಿ ಅದನ್ನು ಬ್ರೂಸ್‌ಗೆ ತಲುಪಿಸುತ್ತಾನೆ. ಬ್ರೂಸ್ ಓದುತ್ತಾನೆ, ಕಣ್ಣು ತುಂಬಿಕೊಳ್ಳುತ್ತಾನೆ. ಆ ಬ್ರೂಸ್‌ಗೆ ದನಿಯಾದವರು ಕಾನ್ರಾಯ್. ಮುಂದಿನ ಚಿತ್ರ 'ಜಸ್ಟಿಸ್ ಲೀಗ್: ವಾರ್' (2014) ಬರುವಷ್ಟರಲ್ಲಿ ಆ ಜಾಗಕ್ಕೆ ಜೇಸನ್ ಒ'ಮಾರಾ ಬಂದಿದ್ದರು.

ಅಲ್ಲಿಂದ 2020ರವರೆಗೆ 15ರಷ್ಟು ಚಿತ್ರಗಳು ಒಂದಕ್ಕೊಂದು ಹೆಣೆದುಕೊಂಡು ಬಂದವು. ಎಲ್ಲವೂ ಒಂದೇ ಗುಣಮಟ್ಟದವಲ್ಲ. ಕೆಲವು ಹೊಡೆದಾಟದಲ್ಲೇ ಮುಗಿದುಹೋದವು. ಆದರೆ ಬಿಡಿ ಚಿತ್ರಗಳಿಗೆ ಸಾಧ್ಯವಾಗದ ಒಂದು ಕೆಲಸವನ್ನು ಈ ಸರಪಳಿ ಮಾಡಿತು: ಪಾತ್ರಗಳನ್ನು ಬೆಳೆಸಿತು. ಬ್ಯಾಟ್‌ಮನ್‌ನ ಮಗ ಡೇಮಿಯನ್‌ನನ್ನೇ ನೋಡಿ. 'ಸನ್ ಆಫ್ ಬ್ಯಾಟ್‌ಮನ್'ನಲ್ಲಿ (2014) ಅವನು ಹಂತಕರ ನಡುವೆ ಬೆಳೆದ, ಕತ್ತಿ ಬಿಟ್ಟರೆ ಬೇರೆ ಭಾಷೆ ಗೊತ್ತಿಲ್ಲದ ಹುಡುಗ. 'ಜಸ್ಟಿಸ್ ಲೀಗ್ ವರ್ಸಸ್ ಟೀನ್ ಟೈಟನ್ಸ್'ನಲ್ಲಿ (2016) ತನ್ನ ವಯಸ್ಸಿನವರ ಜತೆ ಇರಲು ಕಲಿಯುತ್ತಾನೆ, ರೇವನ್ ಎಂಬ ಹುಡುಗಿಯ ಸ್ನೇಹವಾಗುತ್ತದೆ. ಉದ್ದಕ್ಕೂ ಧ್ವನಿ ನೀಡಿದವರು ಒಬ್ಬರೇ, ಸ್ಟುವರ್ಟ್ ಅಲನ್. ಆರಂಭದಲ್ಲಿ ಅವರಿನ್ನೂ ಹುಡುಗ. ಚಿತ್ರಗಳನ್ನು ಸಾಲಾಗಿ ನೋಡಿದರೆ ಆ ಎಳೆಯ ದನಿ ಒಡೆದು ಗಡಸಾಗುತ್ತಾ ಹೋದದ್ದು ಕಿವಿಗೆ ಬೀಳುತ್ತದೆ. ಯಾವ ಚಿತ್ರಕಥೆಯೂ ಇದನ್ನು ಮೊದಲೇ ಬರೆದಿಡಲಾರದು. ಆರು ವರ್ಷ ತಾಳ್ಮೆಯಿಂದ ಒಂದೇ ಕಥೆ ಹೇಳಿದ್ದಕ್ಕೆ ಸಿಕ್ಕ ಫಲ ಅದು.

ಮತ್ತೆ 2020ರ ಮೇ ತಿಂಗಳಲ್ಲಿ 'ಜಸ್ಟಿಸ್ ಲೀಗ್ ಡಾರ್ಕ್: ಅಪೋಕೊಲಿಪ್ಸ್ ವಾರ್' ಬಂತು. ಖಳನಾಯಕ ಡಾರ್ಕ್‌ಸೈಡ್‌ನ ಗ್ರಹದ ಮೇಲೆ ದಂಡೆತ್ತಿ ಹೋದ ತಂಡ ನುಚ್ಚುನೂರಾಗುತ್ತದೆ. ಬ್ಯಾಟ್‌ಮನ್ ಶತ್ರುವಿನ ಕೈಗೊಂಬೆಯಾಗುತ್ತಾನೆ. ಸೂಪರ್‌ಮ್ಯಾನ್‌ನ ಎದೆಯ ಮೇಲೆ ಕ್ರಿಪ್ಟೊನೈಟ್‌ನಿಂದಲೇ ಹಚ್ಚೆ ಹೊಯ್ದು ಅವನ ಶಕ್ತಿಯನ್ನು ಕಸಿದುಕೊಳ್ಳಲಾಗುತ್ತದೆ. ಕೊನೆಗೆ ಗೆಲುವೇನೋ ಸಿಗುತ್ತದೆ, ಆದರೆ ಭೂಮಿ ಉಳಿಯುವ ಸ್ಥಿತಿಯಲ್ಲಿರುವುದಿಲ್ಲ. ಆಗ ತಂಡದ ಮಾಂತ್ರಿಕ ಕಾನ್‌ಸ್ಟಂಟೈನ್ ಸೂಚಿಸುವ ದಾರಿ ಒಂದೇ: ಬ್ಯಾರಿ ಮತ್ತೆ ಓಡಬೇಕು. ಬ್ಯಾರಿ ಓಡುತ್ತಾನೆ, ತೆರೆ ಬೆಳ್ಳಗಾಗುತ್ತದೆ.

ಓಟದಿಂದ ಹುಟ್ಟಿದ ಲೋಕ ಓಟದಿಂದಲೇ ಮುಗಿಯಿತು ಎಂಬುದರಲ್ಲಿ ಒಂದು ಹೊಂದಿಕೆಯಿದೆ, ಒಪ್ಪಬೇಕು. ಆದರೆ 'ಫ್ಲ್ಯಾಶ್‌ಪಾಯಿಂಟ್' ಹೇಳಿದ್ದೇನು? ಕಳೆದುಕೊಂಡದ್ದನ್ನು ಓಡಿ ಮರಳಿ ಪಡೆಯಲಾಗದು, ದುಃಖವನ್ನು ಹೊತ್ತುಕೊಂಡೇ ಬಾಳಬೇಕು ಎಂದಲ್ಲವೇ? ಏಳು ವರ್ಷದ ನಂತರ ಅದೇ ಓಟ ಪರಿಹಾರವಾಯಿತು. ಡೇಮಿಯನ್ ಕಲಿತದ್ದು, ರೇವನ್ ಕೊನೆಗೂ ಬಾಯಿಬಿಟ್ಟು ಹೇಳಿದ ಪ್ರೀತಿ, ಇವೆಲ್ಲ ಆ ಬೆಳಕಿನಲ್ಲಿ ಅಳಿಸಿಹೋದವು. ಕಥೆ ಕೇಳಿದ ಅಂತ್ಯ ಇದಾಗಿತ್ತೇ, ಅಥವಾ ಸರಣಿಯನ್ನು ಹೊಸದಾಗಿ ಶುರುಮಾಡಬೇಕಾದ ಕಾಲ ಬಂದಿತ್ತೇ ಎಂಬ ಪ್ರಶ್ನೆ ನೋಡುಗರಲ್ಲಿ ಉಳಿದದ್ದು ಸಹಜ.

ಕೆಲವೇ ತಿಂಗಳಲ್ಲಿ 'ಸೂಪರ್‌ಮ್ಯಾನ್: ಮ್ಯಾನ್ ಆಫ್ ಟುಮಾರೊ' ಬಂತು. ಹೊಸ ಲೋಕ, ದಪ್ಪ ಗೆರೆಯ ಹೊಸ ಚಿತ್ರಶೈಲಿ, ಹೊಸ ದನಿಗಳು. ಎರಡನೆಯ ಮಹಾಯುದ್ಧದ ಕಥೆಯಿದ್ದ 'ಜಸ್ಟಿಸ್ ಸೊಸೈಟಿ' (2021), 'ದ ಲಾಂಗ್ ಹ್ಯಾಲೊವೀನ್'ನ ಎರಡು ಭಾಗಗಳು, 'ಲೀಜನ್ ಆಫ್ ಸೂಪರ್‌ಹೀರೋಸ್' (2023) ಹೀಗೆ ಸಾಗಿದ ಈ ಸರಣಿ ಹತ್ತೇ ಚಿತ್ರಗಳಲ್ಲಿ ಮುಗಿಯಿತು. ಅದರಲ್ಲೂ ಕೊನೆಯ ಮೂರು ಚಿತ್ರಗಳು 1985ರ ಪ್ರಳಯದ ಪುನರ್ನಿರೂಪಣೆ. ಇಲ್ಲಿಯೇ ನನಗೆ ಬೇಸರವಾಗುವುದು. ಕಾಮಿಕ್ಸ್‌ನಲ್ಲಿ ಆ ಪ್ರಳಯದ ಹಿಂದೆ ದಶಕಗಳ ಓದಿತ್ತು, ಪಾತ್ರಗಳ ಜತೆ ಬೆಳೆದ ಓದುಗರಿದ್ದರು. ಇಲ್ಲಿ ಜಸ್ಟಿಸ್ ಲೀಗ್ ಒಂದು ತಂಡವಾಗಿ ನೆಲೆಯೂರುವುದಕ್ಕೆ ಮೊದಲೇ ಅದರ ಲೋಕಕ್ಕೆ ಅಂತ್ಯ ಬಂತು. ಮೂರನೆಯ ಭಾಗದಲ್ಲಿ ಕಣ್ಣೀರು ತರಿಸಿದ್ದು ಹೊಸ ಪಾತ್ರಗಳಲ್ಲ, 1992ರಿಂದ ಕೇಳುತ್ತಾ ಬಂದ ಕಾನ್ರಾಯ್ ದನಿ. ಎಲ್ಲಿ ಸಮಯ ಕೊಡಲಾಗಿತ್ತೋ ಅಲ್ಲಿಯೇ ಭಾವವೂ ಉಳಿದಿತ್ತು.

ಈ ನಡುವೆ ವ್ಯವಹಾರದ ನೆಲವೂ ಸರಿದಿತ್ತು. ಡಿವಿಡಿ ಅಂಗಡಿಗಳು ಕಣ್ಮರೆಯಾಗಿ ಸ್ಟ್ರೀಮಿಂಗ್ ಬಂತು. 2022ರಲ್ಲಿ ಡಿಸಿಯ ಮಾತೃಸಂಸ್ಥೆ ವಾರ್ನರ್‌ಮೀಡಿಯಾ ಡಿಸ್ಕವರಿ ಜತೆ ವಿಲೀನವಾಯಿತು. ಅದೇ ವರ್ಷಾಂತ್ಯಕ್ಕೆ ಜೇಮ್ಸ್ ಗನ್ ಮತ್ತು ಪೀಟರ್ ಸಾಫ್ರನ್ ಡಿಸಿ ಸ್ಟುಡಿಯೋಸ್‌ನ ಹೊಣೆ ಹೊತ್ತರು. ಸಿನಿಮಾ ಮತ್ತು ಅನಿಮೇಷನ್ ಎರಡಕ್ಕೂ ಒಂದೇ ಕಥಾಲೋಕ, ಸಾಧ್ಯವಾದಲ್ಲಿ ಅವೇ ನಟರು ಎಂಬುದು ಅವರ ಯೋಜನೆ. 2024ರ ಡಿಸೆಂಬರ್‌ನಲ್ಲಿ ಬಂದ 'ಕ್ರಿಯೇಚರ್ ಕಮಾಂಡೋಸ್' ಅನಿಮೇಷನ್ ಸರಣಿ ಅದರ ಮೊದಲ ಕಂತು, 2025ರ 'ಸೂಪರ್‌ಮ್ಯಾನ್' ಸಿನಿಮಾ ಅದರ ಬೆನ್ನಿಗೇ ಬಂತು.

ಹೊಸದಾಗಿ ನೋಡಬಯಸುವವರು ಈ ಮೂರು ಹಳೆಯ ಲೋಕಗಳನ್ನು ಒಂದರೊಳಗೊಂದು ಬೆರೆಸದೆ ನೋಡಿದರೆ ಅರ್ಧ ಗೊಂದಲ ನೀಗುತ್ತದೆ. 1992ರಿಂದ 2006ರವರೆಗಿನ ಸರಣಿಗಳು ಮೊದಲು. 'ಫ್ಲ್ಯಾಶ್‌ಪಾಯಿಂಟ್'ನಿಂದ 'ಅಪೋಕೊಲಿಪ್ಸ್ ವಾರ್'ವರೆಗಿನದನ್ನು ಬಿಡುಗಡೆಯಾದ ಕ್ರಮದಲ್ಲೇ ನೋಡಬೇಕು, ನಡುವೆ ಬಿಡಬಾರದು. 'ಮ್ಯಾನ್ ಆಫ್ ಟುಮಾರೊ' ಸಾಲನ್ನು ಕೊನೆಗಿಟ್ಟುಕೊಂಡರೆ 'ಕ್ರೈಸಿಸ್'ನಲ್ಲಿ ಮರಳುವ ಹಳಬರ ಗುರುತು ಹತ್ತುತ್ತದೆ. 'ದ ನ್ಯೂ ಫ್ರಾಂಟಿಯರ್' ಮಾತ್ರ ಯಾವ ಸಾಲಿಗೂ ಸೇರದ್ದು; ಅದನ್ನು ಇಂದೇ ನೋಡಬಹುದು.