ಐದು ಕೋಟಿಯು ಎಪ್ಪತ್ತು ಲಕ್ಷವಾಗುವುದು ಹೇಗೆ?

ಬ್ಯಾಡಗಿಯ ದಲಾಲಿ ಅಂಗಡಿಗಳಿಗೆ, ಗದಗದ ಎಪಿಎಂಸಿ ವರ್ತಕರಿಗೆ ಲೆಕ್ಕದ ತಂತ್ರಾಂಶ ಬರೆಯಲು ಹೊರಡುವ ಹುಬ್ಬಳ್ಳಿಯ ತರುಣರಿಗೆ ನಾನು ಮೊದಲು ಹೇಳುವುದು ಇದನ್ನೇ: ಹಣವನ್ನು ಪೈಸೆಯಲ್ಲಿ, ಪೂರ್ಣಾಂಕವಾಗಿ ಇಡಿ. ದಶಮಾಂಶ ಸಂಖ್ಯೆಗಳನ್ನಿಡುವ ಫ್ಲೋಟ್‌ನಲ್ಲಿಟ್ಟರೆ ಹತ್ತು ಪೈಸೆ ಕೂಡ ನಿಖರವಾಗಿ ಉಳಿಯುವುದಿಲ್ಲ. ಆದರೆ ಪೈಸೆಗೆ ಇಳಿಸಿದೊಡನೆ ಸಂಖ್ಯೆ ನೂರು ಪಟ್ಟು ಬೆಳೆಯುತ್ತದೆ. ಜಾವಾ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಪೂರ್ಣಾಂಕವನ್ನಿಡುವ ‘ಇಂಟ್’ 32 ಬಿಟ್‌ಗಳದ್ದು. ಅದರಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ 2,14,74,83,647. ಪೈಸೆಯೆಂದು ಎಣಿಸಿದರೆ ಇದು 2,14,74,836 ರೂಪಾಯಿ 47 ಪೈಸೆ. ಮೆಣಸಿನಕಾಯಿ ಹಂಗಾಮಿನಲ್ಲಿ ಬ್ಯಾಡಗಿ ಮಾರುಕಟ್ಟೆಯ ಒಂದು ದಿನದ ವಹಿವಾಟಿಗೆ ಇದು ಏನೇನೂ ಸಾಲದು.

ಮಿತಿ ಮೀರಿದಾಗ ಜಾವಾ ಸದ್ದೇ ಮಾಡುವುದಿಲ್ಲ. ಸಂಖ್ಯೆ ಸುತ್ತು ಹೊಡೆದು ಋಣ ತುದಿಯಿಂದ ಮತ್ತೆ ಏರತೊಡಗುತ್ತದೆ. ಒಟ್ಟು ಮೂರು ಕೋಟಿಯಾದರೆ ಪರದೆಯ ಮೇಲೆ ಋಣ 1,29,49,672 ರೂಪಾಯಿ 96 ಪೈಸೆ ಕಾಣುತ್ತದೆ. ಅದು ಗುಮಾಸ್ತರ ಕಣ್ಣಿಗೆ ಬಿದ್ದೇ ಬೀಳುತ್ತದೆ. ನನ್ನನ್ನು ಹೆದರಿಸುವುದು ಐದು ಕೋಟಿ. ಆಗ ಬರುವ ಉತ್ತರ 70,50,327 ರೂಪಾಯಿ 4 ಪೈಸೆ. ಚಿಹ್ನೆ ಸರಿಯಿದೆ, ಮೊತ್ತ ನಂಬುವಂತಿದೆ, ಯಾರೂ ಅನುಮಾನಿಸುವುದಿಲ್ಲ. ಎಲ್ಲ ಲಾಟ್‌ಗಳನ್ನೂ ಕೂಡಿಸಿದ ಮೇಲೆ ಒಟ್ಟು ಮೊತ್ತ ಋಣವಾಗಿದೆಯೇ ಎಂದಷ್ಟೇ ನೋಡುವವರು ಇಲ್ಲಿಯೇ ಮೋಸಹೋಗುತ್ತಾರೆ.

ಹಾಗಾಗಿ ಪರೀಕ್ಷೆ ಪ್ರತಿ ಕೂಡಿಕೆಗೂ ಬೇಕು. ಒಂದು ಧನ, ಒಂದು ಋಣ ಸಂಖ್ಯೆಯನ್ನು ಕೂಡಿಸಿದರೆ ಮಿತಿ ಎಂದೂ ಮೀರುವುದಿಲ್ಲ. ಎರಡರ ಚಿಹ್ನೆಯೂ ಒಂದೇ ಆಗಿದ್ದು ಉತ್ತರದ ಚಿಹ್ನೆ ಬೇರೆಯಾದರೆ ಮೀರಿದೆ ಎಂದೇ ಅರ್ಥ. ಜಾವಾದಲ್ಲಿ ಈ ನಿಯಮವನ್ನು ನಂಬಬಹುದು. ಸಿ ಭಾಷೆಯಲ್ಲಿ ನಂಬಲಾಗದು. ಚಿಹ್ನೆಯುಳ್ಳ ಪೂರ್ಣಾಂಕ ಮಿತಿ ಮೀರಿದರೆ ಏನಾಗಬೇಕೆಂದು ಸಿ ಮಾನದಂಡ ಹೇಳುವುದೇ ಇಲ್ಲ. ಹಾಗೆ ಮೀರುವುದೇ ಇಲ್ಲವೆಂದು ಭಾವಿಸಿ, ನೀವು ಶ್ರದ್ಧೆಯಿಂದ ಬರೆದ ಪರೀಕ್ಷೆಯನ್ನೇ, ಪ್ರೋಗ್ರಾಂ ಅನ್ನು ಯಂತ್ರಭಾಷೆಗೆ ತಿರುಗಿಸುವ ಕಂಪೈಲರ್ ಅನಗತ್ಯವೆಂದು ಕಿತ್ತುಹಾಕಬಹುದು. ಜಿಸಿಸಿ ಎಂಬ ಕಂಪೈಲರ್ ಇದನ್ನು ಮಾಡುತ್ತದೆ. ಆದ್ದರಿಂದ ‘ಅ’, ‘ಬ’ ಎಂಬ ಎರಡು ಸಂಖ್ಯೆಗಳನ್ನು ಕೂಡಿಸುವ ಮೊದಲೇ ಕೇಳಬೇಕು: ‘ಅ’ ಧನವಾಗಿದ್ದರೆ, ಗರಿಷ್ಠದಿಂದ ‘ಅ’ವನ್ನು ಕಳೆದು ಉಳಿಯುವುದಕ್ಕಿಂತ ‘ಬ’ ದೊಡ್ಡದೇ? ಋಣವಾಗಿದ್ದರೆ, ಕನಿಷ್ಠದಿಂದ ‘ಅ’ವನ್ನು ಕಳೆದಾಗ ಬರುವುದಕ್ಕಿಂತ ‘ಬ’ ಚಿಕ್ಕದೇ? ಈ ಕಳೆಯುವಿಕೆ ಎಂದೂ ಮಿತಿ ಮೀರುವುದಿಲ್ಲ.

ಇಷ್ಟನ್ನೂ ಕೈಯಿಂದ ಬರೆಯಬೇಕಾಗಿಲ್ಲ. 2014ರ ಜಾವಾ 8ರಲ್ಲೇ ಮ್ಯಾಥ್ ವರ್ಗಕ್ಕೆ ಕೂಡಿಸುವ ‘ಆ್ಯಡ್‌ಎಕ್ಸಾಕ್ಟ್’ ಫಂಕ್ಷನ್ ಬಂದಿದೆ. ಮೀರಿದರೆ ಅದು ಎಕ್ಸೆಪ್ಷನ್ ಎಸೆಯುತ್ತದೆ, ಅಂದರೆ ಉತ್ತರ ಕೊಡದೆ ದೋಷವನ್ನು ಸಾರುತ್ತದೆ. ಜಿಸಿಸಿಯ 5ನೇ ಆವೃತ್ತಿಯಿಂದ ಮೀರಿತೇ ಇಲ್ಲವೇ ಎಂದು ತಿಳಿಸುವ ಅಂತರ್ನಿರ್ಮಿತ ಫಂಕ್ಷನ್‌ಗಳಿವೆ, ಸಿ23 ಮಾನದಂಡವೂ ಅಂಥದ್ದನ್ನು ಸೇರಿಸಿಕೊಂಡಿದೆ. ರಸ್ಟ್ ಭಾಷೆಯಲ್ಲಿ ಎಚ್ಚರವಿರಲಿ: ಮಿತಿ ಮೀರಿದಾಗ, ಪರೀಕ್ಷೆಗೆ ಕಟ್ಟುವ ಡೀಬಗ್ ರೂಪದಲ್ಲಿ ನಿಂತುಬಿಡುವ ಪ್ರೋಗ್ರಾಂ, ಬಳಕೆಗೆ ಕೊಡುವ ರಿಲೀಸ್ ರೂಪದಲ್ಲಿ ಸಾಮಾನ್ಯವಾಗಿ ಸದ್ದಿಲ್ಲದೆ ಸುತ್ತುತ್ತದೆ. ಪೈಥಾನ್ ಪೂರ್ಣಾಂಕಕ್ಕೆ ಮಿತಿಯಿಲ್ಲ, ಆದರೆ ಅದರ ನಂಪೈ ಎಂಬ ಗಣಿತದ ಲೈಬ್ರರಿಯ ಪಟ್ಟಿಯೊಳಗೆ ಹೋದ ಸಂಖ್ಯೆಗೆ ಇದೆ.

ಇಂಟ್ ಬದಲು ಜಾವಾದ 64 ಬಿಟ್‌ಗಳ ‘ಲಾಂಗ್’ ಬಳಸಿದರೆ ಸಾಲದೇ ಎಂದು ಕೇಳುತ್ತಾರೆ. ಬಳಸಲೇಬೇಕು, 64 ಬಿಟ್‌ನಲ್ಲಿ ಯಾವ ಮಾರುಕಟ್ಟೆಯ ಪೈಸೆಯೂ ಹಿಡಿಸುತ್ತದೆ. ಆದರೆ ಎರಡು ಇಂಟ್‌ಗಳನ್ನು ಕೂಡಿಸಿ ಉತ್ತರವನ್ನು ಮಾತ್ರ ಲಾಂಗ್‌ನಲ್ಲಿಟ್ಟರೆ ಪ್ರಯೋಜನವಿಲ್ಲ. ಕೂಡಿಕೆ 32 ಬಿಟ್‌ನಲ್ಲೇ ನಡೆದು, ಕೆಟ್ಟ ಉತ್ತರಕ್ಕೆ ದೊಡ್ಡ ಜಾಗ ಸಿಕ್ಕಂತಾಗುತ್ತದೆ, ಅಷ್ಟೇ. ಕೂಡಿಸುವ ಮೊದಲೇ ಒಂದನ್ನಾದರೂ ಲಾಂಗ್ ಆಗಿ ಬದಲಿಸಿ. ತೂಕವನ್ನು ದರದಿಂದ ಗುಣಿಸುವಲ್ಲಿಯೂ ಇದೇ ಹೊಂಚಿದೆ, ಅಲ್ಲಿ ಮಿತಿ ಇನ್ನೂ ಬೇಗ ಬರುತ್ತದೆ.

ಎಕ್ಸೆಪ್ಷನ್ ಬಂದಾಗ ಅದನ್ನು ಹಿಡಿದು ಸೊನ್ನೆ ತೋರಿಸುವವರೂ ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಮುದ್ರಣ ನಿಲ್ಲಲಿ, ಗುಮಾಸ್ತರು ಫೋನ್ ಮಾಡಲಿ. ರೈತನ ಕೈಗೆ ಹೋಗುವ ಪಟ್ಟಿಯಲ್ಲಿ ತಪ್ಪು ಅಂಕಿ ಇರುವುದಕ್ಕಿಂತ ಪಟ್ಟಿ ಅರ್ಧ ಗಂಟೆ ತಡವಾಗುವುದು ಮೇಲು. ತಂತ್ರಾಂಶ ಒಪ್ಪಿಸುವ ಮುನ್ನ 2,14,74,836 ರೂಪಾಯಿ 47 ಪೈಸೆಯ ಒಂದು ಲಾಟ್, ಒಂದು ಪೈಸೆಯ ಇನ್ನೊಂದು ಲಾಟ್ ನಮೂದಿಸಿ ಕೂಡಿಸಿ ನೋಡಿ.