ಸ್ಕ್ಯಾನ್ ನಾರ್ಮಲ್ ಇದೆ, ಆದರೆ

ಈ ತಿಂಗಳು ಇದು ಮೂರನೆಯದು. ಅಪ್ಪ ದೊಡ್ಡ ಲಕೋಟೆಯನ್ನು ನನ್ನ ಮೇಜಿನ ಮೇಲಿಟ್ಟು, "ಎಂಆರ್‌ಐ ನಾರ್ಮಲ್ ಎಂದು ಬರೆದಿದ್ದಾರೆ ಡಾಕ್ಟರೇ. ಹಾಗಾದರೆ ಗಾಂಜಾದಿಂದ ಇವನ ತಲೆಗೆ ಏನೂ ಆಗಿಲ್ಲ ಅಲ್ಲವಾ?" ಎಂದರು. ಪಕ್ಕದಲ್ಲಿ ಹತ್ತೊಂಬತ್ತರ ಹುಡುಗ ಚಪ್ಪಲಿಯ ಬಾರನ್ನೇ ನೋಡುತ್ತ ಕುಳಿತಿದ್ದ. ಸ್ಕ್ಯಾನ್ ಬರೆದುಕೊಟ್ಟವನು ನಾನಲ್ಲ. ಅವರೇ ಮಾಡಿಸಿಕೊಂಡು ಬಂದದ್ದು. ಆ ಹಣದಲ್ಲಿ ಹುಡುಗ ಎಷ್ಟೋ ತಿಂಗಳು ಉಡುಪಿಯಿಂದ ಮಣಿಪಾಲಕ್ಕೆ ಬಸ್ಸಿನಲ್ಲಿ ಹೋಗಿ ಬರಬಹುದಿತ್ತು.

ಮನೋವೈದ್ಯನಾಗಿ ಇಪ್ಪತ್ತು ವರ್ಷ ಕಳೆದರೂ ಈ ಒಂದು ಮಾತನ್ನು ಹೇಳಿ ಮುಗಿಸಲು ನನ್ನಿಂದ ಆಗಿಲ್ಲ. ಸ್ಕ್ಯಾನ್ ಉತ್ತರಿಸುವ ಪ್ರಶ್ನೆಯೇ ಬೇರೆ. ಗಡ್ಡೆ ಇದೆಯೇ, ರಕ್ತ ಸೋರಿದೆಯೇ, ಪೆಟ್ಟು ಬಿದ್ದಿದೆಯೇ ಎಂದು ಕೇಳಿದರೆ ಅದು ಹೇಳುತ್ತದೆ. ಗಾಂಜಾ ಸೇದುವವರ ಮತ್ತು ಸೇದದವರ ಮಿದುಳುಗಳನ್ನು ನೂರಾರು ಸಂಖ್ಯೆಯಲ್ಲಿ ಹೋಲಿಸಿದಾಗ ಸಂಶೋಧಕರಿಗೆ ಸಣ್ಣ ವ್ಯತ್ಯಾಸ ಕೆಲವೊಮ್ಮೆ ಕಾಣುತ್ತದೆ, ಕೆಲವೊಮ್ಮೆ ಇಲ್ಲ. ಒಬ್ಬನೇ ಹುಡುಗನ ಫಿಲ್ಮನ್ನು ಬೆಳಕಿಗೆ ಹಿಡಿದು "ಇಗೋ ಇಲ್ಲಿ ಹಾಳಾಗಿದೆ" ಎಂದಾಗಲೀ "ಏನೂ ಆಗಿಲ್ಲ" ಎಂದಾಗಲೀ ಯಾರೂ ಹೇಳಲಾರರು. ಹೇಳಿದವರಿಂದ ದೂರವಿರಿ.

ಇದನ್ನು ನನಗಿಂತ ಚೆನ್ನಾಗಿ ವಿವರಿಸಿದವರು ಶಂಕರಪುರದ ಕಡೆಯ ಒಬ್ಬ ತಾಯಿ. ಮಲ್ಲಿಗೆ ಬೆಳೆಯುವವರು, ಬೆಳಗ್ಗಿನ ಹೂ ಕಟ್ಟಿ, ಮಾರಲು ಕೊಟ್ಟು, ಬೆರಳಿಗೆ ಅಂಟಿದ ಬಾಳೆನಾರಿನ ಎಳೆಯೊಂದಿಗೇ ಬಂದಿದ್ದರು. ನಾನು ನನ್ನ ಮಾಮೂಲಿ ಪಾಠ ಶುರು ಮಾಡಿದ್ದೆ: ಹದಿಹರೆಯದಲ್ಲಿ ಮಿದುಳು ದಪ್ಪವಾಗುತ್ತಾ ಹೋಗುವುದಿಲ್ಲ, ಬಳಕೆಯಿಲ್ಲದ ನರಸಂಪರ್ಕಗಳನ್ನು ಕಡಿದುಹಾಕುತ್ತದೆ, ಉಳಿದವುಗಳಿಗೆ ಕೊಬ್ಬಿನ ಹೊದಿಕೆ ಕಟ್ಟುತ್ತದೆ, ತಾಳ್ಮೆ ಮತ್ತು ಮುಂದಾಲೋಚನೆಯನ್ನು ನೋಡಿಕೊಳ್ಳುವ ಹಣೆಯ ಹಿಂದಿನ ಭಾಗದಲ್ಲಿ ಈ ಕೆಲಸ ಇಪ್ಪತ್ತೈದರ ಆಸುಪಾಸಿನವರೆಗೂ ನಡೆಯುತ್ತದೆ, ಇತ್ಯಾದಿ. ಅವರು ತಡೆದರು. "ಸವರುವುದು ಎಂದು ಹೇಳಿ ಡಾಕ್ಟರೇ. ಗೆಲ್ಲು ಸವರುವಾಗ ಕತ್ತರಿ ತಪ್ಪಿದರೆ ಗಿಡ ಸಾಯುವುದಿಲ್ಲ. ಹಸಿರಾಗಿಯೇ ಇರುತ್ತದೆ. ಮೊಗ್ಗು ಕೊಯ್ಯಲು ಹೋದಾಗ ಗೊತ್ತಾಗುತ್ತದೆ." ಅಂದಿನಿಂದ ನಾನೂ ಸವರುವುದು ಎಂದೇ ಹೇಳುತ್ತೇನೆ.

ಈ ಸವರುವಿಕೆಯಲ್ಲಿ ಮಿದುಳು ತಾನೇ ತಯಾರಿಸಿಕೊಳ್ಳುವ, ಗಾಂಜಾವನ್ನು ಹೋಲುವ ರಾಸಾಯನಿಕಗಳ ಕೈವಾಡವಿದೆ. ಅವುಗಳಲ್ಲೊಂದನ್ನು 1992ರಲ್ಲಿ ಗುರುತಿಸಿದ ವಿಜ್ಞಾನಿಗಳು ಸಂಸ್ಕೃತದ 'ಆನಂದ'ವನ್ನೇ ತೆಗೆದುಕೊಂಡು ಆನಂದಮೈಡ್ ಎಂದು ಹೆಸರಿಟ್ಟರು. (ಇದನ್ನು ಕೇಳಿದ ಕೂಡಲೇ ಹುಡುಗರ ಮುಖ ಅರಳುವುದರಿಂದ ಮಾತಿನ ಕೊನೆಗೆ ಹೇಳುತ್ತೇನೆ.) ಅದು ಬೇಕಾದಲ್ಲಿ ಹನಿಯಷ್ಟು ಹುಟ್ಟಿ ಬೇಗನೆ ಅಳಿಯುತ್ತದೆ. ಗಾಂಜಾದಲ್ಲಿ ಮತ್ತೇರಿಸುವ ಅಂಶವಾದ ಟಿಎಚ್‌ಸಿ ಅದೇ ಬಾಗಿಲಿನಿಂದ ಒಳಹೊಕ್ಕು ಎಲ್ಲೆಂದರಲ್ಲಿ ಗಂಟೆಗಟ್ಟಲೆ ಕೂರುತ್ತದೆ. ಸವರುವ ವಯಸ್ಸಿನಲ್ಲಿ ದಿನವೂ ಹೀಗಾದರೆ ಕೆಲಸ ಕೆಡಬಹುದು ಎಂಬ ಶಂಕೆಗೆ ಪ್ರಾಣಿಗಳ ಮೇಲಿನ ಪ್ರಯೋಗಗಳು ಇಂಬು ಕೊಡುತ್ತವೆ.

ಮನುಷ್ಯರ ಬಗ್ಗೆ ಮಾತ್ರ ನಾನು ಎಚ್ಚರದಿಂದ ಮಾತಾಡುತ್ತೇನೆ. ನ್ಯೂಜಿಲೆಂಡಿನ ಡುನೆಡಿನ್‌ನಲ್ಲಿ 1972–73ರಲ್ಲಿ ಹುಟ್ಟಿದ 1,037 ಮಂದಿಯನ್ನು 38ರ ವಯಸ್ಸಿನವರೆಗೆ ಹಿಂಬಾಲಿಸಿದ ಅಧ್ಯಯನ 2012ರಲ್ಲಿ ಪ್ರಕಟವಾಯಿತು. ಹದಿಹರೆಯದಲ್ಲೇ ಹಿಡಿದು ವರ್ಷಗಟ್ಟಲೆ ಬಿಡದವರ ಬುದ್ಧಿಸೂಚ್ಯಂಕ (ಐಕ್ಯೂ) ಸುಮಾರು 8 ಅಂಕ ಇಳಿದಿತ್ತು. ದೊಡ್ಡವರಾದ ಮೇಲೆ ಶುರು ಮಾಡಿದವರಲ್ಲಿ ಅಂಥ ಇಳಿತ ಇರಲಿಲ್ಲ. ಆದರೆ 2016ರಲ್ಲಿ ಪ್ರಕಟವಾದ ಅವಳಿಗಳ ಅಧ್ಯಯನದಲ್ಲಿ, ಒಂದೇ ಜೋಡಿಯಲ್ಲಿ ಸೇದಿದವರಿಗೂ ಸೇದದವರಿಗೂ ಹೇಳಿಕೊಳ್ಳುವ ಅಂತರ ಸಿಗಲಿಲ್ಲ. ಮನೆ, ಪರಿಸರ, ಹುಟ್ಟುಗುಣ ಎಲ್ಲವೂ ಅದರಲ್ಲಿ ಕಲಸಿಕೊಂಡಿವೆ. ಹಾಗಾಗಿ ಕಾಲೇಜಿನ ಜಾಗೃತಿ ಸಭೆಯಲ್ಲಿ "ಎಂಟು ಅಂಕ ಹೋಯಿತು" ಎಂದು ಮೇಜು ಕುಟ್ಟುವವರ ಪಕ್ಕ ಕೂರಲು ನನಗೆ ಮುಜುಗರ.

ನನಗೆ ಹೆಚ್ಚು ಭಯ ಇರುವುದು ಬುದ್ಧಿಭ್ರಮೆಯದ್ದು. ಸ್ವೀಡನ್ನಿನ 45 ಸಾವಿರಕ್ಕೂ ಹೆಚ್ಚು ಸೇನಾಭರ್ತಿ ಯುವಕರ ಮೇಲಿನ 1987ರ ವರದಿಯಲ್ಲಿ, ಭರ್ತಿಗೆ ಮೊದಲೇ 50ಕ್ಕಿಂತ ಹೆಚ್ಚು ಸಲ ಸೇದಿದ್ದವರಿಗೆ ಸ್ಕಿಜೋಫ್ರೇನಿಯಾ ಎಂಬ ಬುದ್ಧಿಭ್ರಮೆಯ ಕಾಯಿಲೆ ಆರು ಪಟ್ಟು ಹೆಚ್ಚಾಗಿ ಬಂದಿತ್ತು. ಪೂರ್ತಿ ಗಾಂಜಾದಿಂದಲೇ ಎನ್ನಲಾಗದು. ಆದರೂ ಮನೆತನದಲ್ಲಿ ಯಾರಿಗಾದರೂ ತಲೆ ಕೆಟ್ಟಿತ್ತೇ ಎಂದು ಕೇಳಿದಾಗ ದಯವಿಟ್ಟು ಮರ್ಯಾದೆಯ ಪ್ರಶ್ನೆ ಮಾಡಿಕೊಂಡು ಚಿಕ್ಕಪ್ಪನನ್ನು ಅಡಗಿಸಬೇಡಿ. ನಿಮ್ಮ ಎಂಆರ್‌ಐ ಲಕೋಟೆಗಿಂತ ಆ ಚಿಕ್ಕಪ್ಪ ನನಗೆ ಮುಖ್ಯ.

ಮೂತ್ರ ಪರೀಕ್ಷೆಯದ್ದೂ ಇದೇ ಕಥೆ. ಟಿಎಚ್‌ಸಿ ಕೊಬ್ಬಿನಲ್ಲಿ ಸೇರಿಕೊಂಡು ನಿಧಾನವಾಗಿ ಹೊರಬರುತ್ತದೆ. ದಿನವೂ ಸೇದುತ್ತಿದ್ದವನು ಬಿಟ್ಟು ವಾರಗಳಾದರೂ ಪಾಸಿಟಿವ್ ಬರಬಹುದು. ಬಿಟ್ಟು ಹದಿನೈದು ದಿನವಾಗಿದ್ದ ಮಗನನ್ನು ಪರೀಕ್ಷೆಯ ಪಟ್ಟಿಯ ಮೇಲಿನ ಗೆರೆ ನೋಡಿ ಮಳೆಯಲ್ಲಿ ಮನೆಯಿಂದ ಹೊರಹಾಕಿದ ತಂದೆಯೊಬ್ಬರನ್ನು ಬಲ್ಲೆ. ಹುಡುಗ ಆ ರಾತ್ರಿಯೇ ಮತ್ತೆ ಸೇದಿದ.

ಲಕೋಟೆಯ ಅಪ್ಪನನ್ನು ಹೊರಗೆ ಕೂರಿಸಿ ಹುಡುಗನ ಬಳಿ ಕೇಳಿದೆ: ಯಾವ ವಯಸ್ಸಿನಲ್ಲಿ ಶುರು, ವಾರಕ್ಕೆ ಎಷ್ಟು ದಿನ, ಬೀಡಿಯಲ್ಲಿ ಸುತ್ತುವ ಸಾದಾ ಗಾಂಜಾವೋ, ಹೈಡ್ರೋ ಎನ್ನುವ ಹೆಚ್ಚು ಮತ್ತಿನದೋ. ಹದಿನಾರು, ಐದು, ಎರಡೂ. ಆಮೇಲೆ ನೆನಪಿನಿಂದ ತಿರುಗಿ ಹೇಳು ಎಂದು ಹದಿನೈದು ಪದ ಓದಿದೆ: ದೋಣಿ, ಬೀಗ, ಕೊಡೆ, ಹಲಸು, ಗಂಟೆ... ಆರು ಹೇಳಿದ. "ಈಗ ಬಿಟ್ಟರೆ ಸರಿಯಾಗುತ್ತದಾ ಸರ್?" ಎಂದ. ಭರವಸೆ ಕೊಡಲಿಲ್ಲ. 16ರಿಂದ 25ರ ವಯಸ್ಸಿನವರು ಒಂದು ತಿಂಗಳು ಬಿಟ್ಟಾಗ ಹೊಸದನ್ನು ಕಲಿಯುವ ಶಕ್ತಿ ಮೊದಲ ವಾರದಲ್ಲೇ ಚೇತರಿಸಿದ ಅಮೆರಿಕದ 2018ರ ಅಧ್ಯಯನವೊಂದನ್ನು ಹೇಳಿ, ನೋಡೋಣ ಎಂದೆ.

ಐದು ವಾರದ ಬಳಿಕ ಬೇರೆ ಪಟ್ಟಿ ಓದಿದೆ. ಒಂಬತ್ತು ಹೇಳಿದ. ಅಂದು ಅಪ್ಪ ಬಂದಿರಲಿಲ್ಲ, ನಿದ್ದೆಯೂ ಸರಿಯಾಗಿತ್ತು, ಅದೂ ಕಾರಣವಿರಬಹುದು. ಬಾಗಿಲ ತನಕ ಹೋದವನು ತಿರುಗಿ ನಿಂತ. "ಹೋದ ಸಲದ ಪಟ್ಟಿಯಲ್ಲಿ ಕೊಡೆ ಇತ್ತು ಅಲ್ಲವಾ ಸರ್? ಅವತ್ತು ಹೊಳೆಯಲೇ ಇಲ್ಲ."