ಬ್ರಿಟನ್ ಯೂನಿಯನ್ ಬಿಟ್ಟ ಮೇಲೂ ‘ಯುರೋಪಿನ ಕೋರ್ಟು’ ಸ್ಟೇ ಕೊಟ್ಟಿದ್ದು ಹೇಗೆ?

ಪ್ರಶ್ನೆ: ಬ್ರೆಕ್ಸಿಟ್ ಆಗಿ ವರ್ಷಗಳಾದವು. ಹಾಗಿದ್ದೂ ಆಶ್ರಯ ಕೇಳಿ ಬಂದವರನ್ನು ಆಫ್ರಿಕಾದ ರುವಾಂಡಾಕ್ಕೆ ಕಳಿಸುವ ಬ್ರಿಟನ್ನಿನ ವಿಮಾನವನ್ನು ಯುರೋಪಿಯನ್ ಯೂನಿಯನ್ ಕೋರ್ಟು ಹೇಗೆ ತಡೆಯಿತು?

ತಡೆಯಲಿಲ್ಲ. ತಡೆದದ್ದು ಬೇರೆ ಕೋರ್ಟು. ಇದನ್ನು ಎಷ್ಟು ಸಲ ಬರೆದಿದ್ದೇನೋ, ಲೆಕ್ಕ ಇಡುವುದನ್ನೇ ಬಿಟ್ಟಿದ್ದೇನೆ. ಆದರೂ ಪ್ರತಿ ಸಲ ಇದೇ ಪ್ರಶ್ನೆ, ಇದೇ ಧಾಟಿಯಲ್ಲಿ ಬರುತ್ತದೆ. ಇರಲಿ, ಇನ್ನೊಂದು ಸಲ.

ಯುರೋಪಿಯನ್ ಯೂನಿಯನ್ನಿನ ಕೋರ್ಟು ಇರುವುದು ಲಕ್ಸೆಂಬರ್ಗ್‌ನಲ್ಲಿ. ರುವಾಂಡಾ ವಿಮಾನಕ್ಕೆ ಅಡ್ಡ ಬಂದದ್ದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿರುವ ಮಾನವ ಹಕ್ಕುಗಳ ಕೋರ್ಟು. ಅದು ಯೂನಿಯನ್ನಿನದ್ದಲ್ಲ, ಕೌನ್ಸಿಲ್ ಆಫ್ ಯುರೋಪ್ ಎಂಬ ಬೇರೆಯೇ ಸಂಸ್ಥೆಯದ್ದು. ಯೂನಿಯನ್ನಿನಲ್ಲಿ 27 ದೇಶಗಳಿದ್ದರೆ ಕೌನ್ಸಿಲ್‌ನಲ್ಲಿ 46. ಟರ್ಕಿ ಕೂಡ ಅಲ್ಲಿದೆ. ಟರ್ಕಿ ಯಾವಾಗ ಯೂನಿಯನ್ ಸೇರಿತು, ಹೇಳಿ ನೋಡೋಣ?

ತಪ್ಪು ಪೂರ್ತಿ ಓದುಗರದ್ದೂ ಅಲ್ಲ ಅನ್ನಿ. ನೀಲಿ ಬಟ್ಟೆಯ ಮೇಲೆ 12 ಚಿನ್ನದ ನಕ್ಷತ್ರಗಳ ಬಾವುಟವನ್ನು 1955ರಲ್ಲಿ ಮೊದಲು ಹಾರಿಸಿದ್ದು ಈ ಕೌನ್ಸಿಲ್. ಯೂನಿಯನ್ನಿನವರು 80ರ ದಶಕದಲ್ಲಿ ಅದನ್ನೇ ತಮ್ಮದಾಗಿಸಿಕೊಂಡರು. ಸಾಲದ್ದಕ್ಕೆ ಯೂನಿಯನ್ನಿನ ಸಂಸತ್ತು ಕೂಡ ಅದೇ ಸ್ಟ್ರಾಸ್‌ಬರ್ಗ್‌ನಲ್ಲಿ ಸೇರುತ್ತದೆ. ಅದೂ ಸಾಲದು ಅಂತ ಯೂನಿಯನ್ನಿನೊಳಗೆ ‘ಯುರೋಪಿಯನ್ ಕೌನ್ಸಿಲ್’ ಅಂತ ಇನ್ನೊಂದಿದೆ! ನಮ್ಮಲ್ಲಿ ತಾಲ್ಲೂಕಿಗೊಂದು ಹೊಸಹಳ್ಳಿ ಇರುತ್ತದಲ್ಲ, ಹಾಗೆ. ಹೆಸರು ಒಂದೇ ಅಂತ ಬಸ್ಸು ಹತ್ತಿದರೆ ಇನ್ಯಾವುದೋ ಊರಲ್ಲಿ ಇಳಿಯಬೇಕಾಗುತ್ತದೆ.

ಇಸವಿಗಳನ್ನು ನೋಡಿದರೂ ಸಾಕು. ಬ್ರಿಟನ್ ಈ ಕೌನ್ಸಿಲ್ ಕಟ್ಟಿದವರಲ್ಲಿ ಒಂದು, 1949ರಲ್ಲಿ. ಸ್ಟ್ರಾಸ್‌ಬರ್ಗ್ ಕೋರ್ಟು ಕಾಯುವ ಮಾನವ ಹಕ್ಕುಗಳ ಒಪ್ಪಂದಕ್ಕೆ 1950ರಲ್ಲಿ ಸಹಿ ಹಾಕಿ, ಮರುವರ್ಷ ಎಲ್ಲರಿಗಿಂತ ಮೊದಲು ಅದನ್ನು ಅನುಮೋದಿಸಿದ್ದೂ ಬ್ರಿಟನ್ನೇ. ಯೂನಿಯನ್ನಿನ ಹಿಂದಿನ ರೂಪವಾದ ಸಮುದಾಯಕ್ಕೆ ಅದು ಸೇರಿದ್ದು 1973ರಲ್ಲಿ. 23 ವರ್ಷ ಮೊದಲೇ ಸಹಿ ಹಾಕಿದ ಪತ್ರ ಬ್ರೆಕ್ಸಿಟ್‌ನಿಂದ ಹೇಗೆ ರದ್ದಾಗುತ್ತದೆ?

2022ರ ಜೂನ್ 14ರಂದು ಆದದ್ದು ಇಷ್ಟು. ವಿಮಾನ ಹೊರಡಲು ಕೆಲವೇ ಗಂಟೆ ಇದ್ದಾಗ ಸ್ಟ್ರಾಸ್‌ಬರ್ಗ್ ಕೋರ್ಟು ಒಬ್ಬ ಇರಾಕಿಯ ವಿಷಯದಲ್ಲಿ ಸ್ಟೇ ಕೊಟ್ಟಿತು. ಆಮೇಲೆ ಉಳಿದವರೂ ಒಬ್ಬೊಬ್ಬರಾಗಿ ಪಟ್ಟಿಯಿಂದ ಹೊರಬಿದ್ದರು. ವಿಮಾನ ಹಾರಲಿಲ್ಲ.

ಆದರೆ ಆ ಸ್ಟೇ ಮಧ್ಯಂತರದ್ದು, ಕೊನೆಯ ತೀರ್ಪಲ್ಲ. ಆಶ್ರಯ ಕೇಳಿದವರನ್ನು ರುವಾಂಡಾಕ್ಕೆ ಕಳಿಸಿ ಅವರ ಅರ್ಜಿಗಳನ್ನು ಅಲ್ಲೇ ವಿಚಾರಿಸುವ ಈ ಯೋಜನೆಗೆ ನಿಜವಾದ ಪೆಟ್ಟು ಬಿದ್ದದ್ದು ಲಂಡನ್ನಿನಲ್ಲಿ. 2023ರ ನವೆಂಬರ್ 15ರಂದು ಬ್ರಿಟನ್ನಿನದೇ ಸುಪ್ರೀಂ ಕೋರ್ಟು, ಐದಕ್ಕೆ ಐದೂ ನ್ಯಾಯಮೂರ್ತಿಗಳು ಒಮ್ಮತದಿಂದ, ಇದು ಕಾನೂನಿಗೆ ವಿರುದ್ಧ ಎಂದರು. ರುವಾಂಡಾದಲ್ಲಿ ಅರ್ಜಿಗಳ ವಿಚಾರಣೆ ಸರಿಯಾಗಿ ಆಗದೆ, ಪ್ರಾಣಭಯದಿಂದ ಓಡಿ ಬಂದವರನ್ನೂ ವಾಪಸ್ ಅದೇ ದೇಶಕ್ಕೆ ದಬ್ಬುವ ಅಪಾಯ ಇದೆ ಎನ್ನುವುದು ಕಾರಣ. ಹಾಗೆ ದಬ್ಬಬಾರದು ಎಂಬ ನಿಯಮ ಸ್ಟ್ರಾಸ್‌ಬರ್ಗ್‌ನ ಒಪ್ಪಂದದಲ್ಲಿ ಮಾತ್ರ ಇಲ್ಲ, 1951ರ ನಿರಾಶ್ರಿತರ ಒಪ್ಪಂದದಲ್ಲಿದೆ, ಬ್ರಿಟನ್ನಿನ ಸ್ವಂತ ಕಾನೂನುಗಳಲ್ಲೂ ಇದೆ ಎಂದು ಕೋರ್ಟು ಬಿಡಿಸಿ ಹೇಳಿತು. ಹಾಗಾಗಿ ‘ಸ್ಟ್ರಾಸ್‌ಬರ್ಗ್ ಒಪ್ಪಂದದಿಂದ ಹೊರಬಂದರೆ ಎಲ್ಲ ಸರಿಹೋಗುತ್ತೆ’ ಎನ್ನುವವರು ಈ ತೀರ್ಪನ್ನು ಓದಿಲ್ಲ, ಅಥವಾ ಓದಿಯೂ ಸುಮ್ನೆ ಇದ್ದಾರೆ.

ಅಲ್ಲಿಗೆ ಸರ್ಕಾರ ಏನು ಮಾಡಿತು ಗೊತ್ತಾ? ‘ರುವಾಂಡಾ ಸುರಕ್ಷಿತ ದೇಶ’ ಎಂದು 2024ರ ಏಪ್ರಿಲ್‌ನಲ್ಲಿ ಒಂದು ಕಾನೂನನ್ನೇ ತಂದಿತು! ಜುಲೈನಲ್ಲಿ ಗೆದ್ದು ಬಂದ ಹೊಸ ಸರ್ಕಾರ ಯೋಜನೆಯನ್ನೇ ಕೈಬಿಟ್ಟಿತು. ಅಷ್ಟರೊಳಗೆ ರುವಾಂಡಾಕ್ಕೆ ಹೋದವರು ನಾಲ್ಕೇ ಜನ, ಅದೂ ತಾವಾಗಿಯೇ ಒಪ್ಪಿ.

ಕಾನೂನಿನಲ್ಲಿ ಬರೆದ ಮಾತ್ರಕ್ಕೆ ಒಂದು ದೇಶ ಸುರಕ್ಷಿತ ಆಗಿಬಿಡುತ್ತದಾ? ಇದನ್ನು ಯಾರೂ ಕೇಳಿಲ್ಲ, ಆದರೆ ಕೇಳಬೇಕಿತ್ತು. ಇಲ್ಲಿ ಲಕ್ಸೆಂಬರ್ಗ್ ಕೋರ್ಟಿಗೆ ನಿಜವಾಗಿಯೂ ಕೆಲಸ ಬಂತು. ಇಟಲಿ 2024ರ ಅಕ್ಟೋಬರ್‌ನಲ್ಲಿ ಈಜಿಪ್ಟ್ ಮತ್ತು ಬಾಂಗ್ಲಾದೇಶದ 16 ಜನರನ್ನು ನೌಕಾಪಡೆಯ ಹಡಗಿನಲ್ಲಿ ಅಲ್ಬೇನಿಯಾದ ಕೇಂದ್ರಕ್ಕೆ ಕಳಿಸಿತು. ‘ಅವರ ದೇಶಗಳು ಸುರಕ್ಷಿತ, ಅರ್ಜಿಗಳನ್ನು ಬೇಗ ಮುಗಿಸೋಣ’ ಎನ್ನುವುದು ಲೆಕ್ಕ. ರೋಮ್‌ನ ನ್ಯಾಯಾಧೀಶರು ಒಪ್ಪಲಿಲ್ಲ, ಕೆಲವೇ ದಿನಗಳಲ್ಲಿ ಎಲ್ಲರೂ ಇಟಲಿಗೆ ವಾಪಸ್. 2025ರ ಆಗಸ್ಟ್ 1ರಂದು ಲಕ್ಸೆಂಬರ್ಗ್ ಹೇಳಿದ್ದು: ಸುರಕ್ಷಿತ ದೇಶಗಳ ಪಟ್ಟಿಯನ್ನು ಕಾನೂನಿನ ಮೂಲಕವೇ ಮಾಡಿ, ಬೇಡ ಅನ್ನುವುದಿಲ್ಲ, ಆದರೆ ಅದು ಸರಿಯೋ ತಪ್ಪೋ ಎಂದು ನ್ಯಾಯಾಧೀಶರು ಪರೀಕ್ಷಿಸುವಂತಿರಬೇಕು. ಯಾವ ಮಾಹಿತಿಯ ಮೇಲೆ ಸುರಕ್ಷಿತ ಎಂದಿರಿ ಎನ್ನುವುದು ಅರ್ಜಿದಾರನಿಗೂ ಸಿಗಬೇಕು.

ಅಂದಹಾಗೆ, 2025ರ ಏಪ್ರಿಲ್‌ನಲ್ಲಿ ಯೂನಿಯನ್ನಿನ ಆಡಳಿತ ಅಂಗವಾದ ಯುರೋಪಿಯನ್ ಕಮಿಷನ್ ಮುಂದಿಟ್ಟ ‘ಸುರಕ್ಷಿತ ದೇಶಗಳ’ ಪಟ್ಟಿಯ ಏಳು ಹೆಸರುಗಳಲ್ಲಿ ಭಾರತವೂ ಒಂದು. ಇದನ್ನು ನೋಡಿ ‘ಮಗ ಜರ್ಮನಿಯಲ್ಲಿ ಎಂ.ಎಸ್. ಓದ್ತಿದ್ದಾನೆ, ವೀಸಾಕ್ಕೆ ತೊಂದರೆ ಆಗುತ್ತಾ?’ ಎಂದು ಕೇಳುವ ತಂದೆ ತಾಯಿಯರಿಗೆ: ಇಲ್ಲ. ಆ ಪಟ್ಟಿ ಆಶ್ರಯ ಕೇಳುವ ಅರ್ಜಿಗಳಿಗೆ ಮಾತ್ರ. ವಿದ್ಯಾರ್ಥಿ ವೀಸಾ, ಕೆಲಸದ ವೀಸಾ ಯಾವುದಕ್ಕೂ ಅದು ತಾಗುವುದಿಲ್ಲ.